ಟರ್ಬೊ ಕಾರಿಗೆ ಇ85 ಹಾಕುವ ಮುನ್ನ

ಅಮೆರಿಕದ ಬಂಕುಗಳಲ್ಲಿ ಇ85 ಎಂದು ಬೋರ್ಡು ಹಾಕಿರುವ ಪಂಪಿನಿಂದ ಬರುವ, ಪೆಟ್ರೋಲಿಗೆ ಎಥನಾಲ್ ಬೆರೆಸಿದ ಇಂಧನದಲ್ಲಿ ಎಥನಾಲ್ ನಿಜಕ್ಕೂ ಶೇ. 85 ಇರುವುದಿಲ್ಲ. ಅಲ್ಲಿನ ಎಎಸ್‌ಟಿಎಂ ಮಾನದಂಡದ ಪ್ರಕಾರ ಶೇ. 51ರಿಂದ 83ರವರೆಗೆ ಎಷ್ಟಿದ್ದರೂ ನಡೆಯುತ್ತದೆ. ಚಳಿಗಾಲದಲ್ಲಿ ಗಾಡಿ ಸ್ಟಾರ್ಟ್ ಆಗಲಿ ಅಂತ ಪೆಟ್ರೋಲ್ ಹೆಚ್ಚು ಬೆರೆಸುತ್ತಾರೆ, ಬೇಸಿಗೆಯಲ್ಲಿ ಎಥನಾಲ್ ಹೆಚ್ಚು. ಜುಲೈನಲ್ಲಿ ಶೇ. 80ಕ್ಕೆ ಅಂತ ಎಂಜಿನ್ ಕಂಪ್ಯೂಟರಿಗೆ ಬರೆಸಿಕೊಂಡ ಇಂಧನ, ಟೈಮಿಂಗ್ ಲೆಕ್ಕದ ಮ್ಯಾಪ್‌ನಲ್ಲೇ ಜನವರಿಯ ಶೇ. 55ರ ಇಂಧನ ಹಾಕಿ ಓಡಿಸಿದರೆ ಮಿಶ್ರಣ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಇಂಧನ ಹೆಚ್ಚಾಗುತ್ತದೆ. ಅದರ ಜೊತೆಗೆ, ಆ ಇಂಧನ ತಡೆಯಲಾರದಷ್ಟು ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಮುಂದೆ ಹೋಗಿರುತ್ತದೆ. ಪಿಸ್ಟನ್ ಒಡೆಯುವುದು ಇಂಥ ಕಡೆಯೇ. ಹಾಗಾಗಿ ಪಂಪು, ಇಂಜೆಕ್ಟರ್ ಕೊಳ್ಳುವ ಮೊದಲು ಇಂಧನ ಅಳೆಯುವುದನ್ನು ಕಲಿಯಿರಿ.

ಅದಕ್ಕೆ 100 ಮಿ.ಲೀ. ಗುರುತಿರುವ ಮುಚ್ಚಳದ ಗಾಜಿನ ಕೊಳವೆ ಒಂದಿದ್ದರೆ ಸಾಕು. 10ರ ಗೆರೆಗೆ ನೀರು ಹಾಕಿ, ಮೇಲೆ 100ರ ಗೆರೆಯವರೆಗೆ ಇಂಧನ ತುಂಬಿ, ಮುಚ್ಚಿ, ಚೆನ್ನಾಗಿ ಕುಲುಕಿ ಐದು ನಿಮಿಷ ನೆಟ್ಟಗೆ ನಿಲ್ಲಿಸಿ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ, ಪೆಟ್ರೋಲ್ ಮೇಲೆ ತೇಲುತ್ತದೆ. ಕೆಳಗಿನ ಪದರ 73ಕ್ಕೆ ನಿಂತರೆ ಅದರಲ್ಲಿ ನೀರಿನ 10 ಕಳೆದು 63. ಹಾಕಿದ ಇಂಧನ 90. ಅಂದರೆ ಶೇ. 70. ನೀರು ಮತ್ತು ಎಥನಾಲ್ ಬೆರೆತಾಗ ಗಾತ್ರ ಒಂಚೂರು ಕುಗ್ಗುವುದರಿಂದ ಒಂದೆರಡು ಅಂಶ ಆಚೀಚೆ ಆಗುತ್ತದೆ, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಳೆಯುವಾಗ ಬೆಂಕಿ, ಬೀಡಿ ಹತ್ತಿರ ಬೇಡ.

ಇಷ್ಟೆಲ್ಲ ಪಾಡು ಯಾಕೆ ಅಂದರೆ, ಎಥನಾಲಿನ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಂಕಿ, ರಾನ್ ಲೆಕ್ಕದಲ್ಲಿ) 108ರ ಆಸುಪಾಸು. ಆವಿಯಾಗುವಾಗ ಅದು ಕಿಲೋಗೆ ಪೆಟ್ರೋಲಿನ ಎರಡೂವರೆ ಪಟ್ಟಿಗಿಂತ ಹೆಚ್ಚು ಶಾಖ ಹೀರುತ್ತದೆ. ಒಳಗೆ ಹೋಗುವ ಗಾಳಿ ತಣ್ಣಗಾಗುತ್ತದೆ, ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ದೂರ ಸರಿಯುತ್ತದೆ, ಬೂಸ್ಟಿಗೂ (ಟರ್ಬೊ ತುಂಬುವ ಗಾಳಿಯ ಒತ್ತಡ) ಟೈಮಿಂಗಿಗೂ ಜಾಗ ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಲೀಟರಿನ ಲೆಕ್ಕದಲ್ಲಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲಿನಲ್ಲಿ 21. ಪೂರ್ತಿ ಉರಿಯಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ85ಕ್ಕೆ 9.8 ಸಾಕು. ಒಟ್ಟಿನಲ್ಲಿ ಅಷ್ಟೇ ಗಾಳಿಗೆ ಶೇ. 35ರಿಂದ 40ರಷ್ಟು ಹೆಚ್ಚು ಇಂಧನ ಸುರಿಯಬೇಕು.

ಉದಾಹರಣೆಗೆ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ. 2.5 ಲೀಟರಿನ ಟರ್ಬೊ ಎಂಜಿನ್, ಪೋರ್ಟ್ ಇಂಜೆಕ್ಷನ್ (ಇಂಧನ ಸಿಲಿಂಡರಿನ ಹೊರಗೇ ಗಾಳಿಗೆ ಸೇರುವುದು), ಕಂಪನಿಯಿಂದ ಬರುತ್ತಿದ್ದಾಗ 300ರ ಮೇಲೆ ಕೆಲವು ಅಶ್ವಶಕ್ತಿ. ಇದನ್ನು ಕ್ರ್ಯಾಂಕಿನಲ್ಲಿ 400ಕ್ಕೆ ಒಯ್ಯಬೇಕು ಅಂತಿಟ್ಟುಕೊಳ್ಳಿ. ಪೆಟ್ರೋಲಿನಲ್ಲಾದರೆ ನಾಲ್ಕು ಇಂಜೆಕ್ಟರ್‌ಗಳಿಗೆ, ಶೇ. 85 ಡ್ಯೂಟಿಯಲ್ಲಿ (ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು), ತಲಾ ನಿಮಿಷಕ್ಕೆ 740 ಸಿಸಿ ಬೇಕು. ಇ85ನಲ್ಲಿ ಅದೇ ಶಕ್ತಿಗೆ 1000ರಿಂದ 1040. ಆದ್ದರಿಂದ 1000–1050 ಸಿಸಿ ಇಂಜೆಕ್ಟರ್‌ಗಳನ್ನೇ ಹಾಕಿಸಿ. ತೀರಾ ಅಗ್ಗದ, ಡೆಡ್ ಟೈಮ್ (ವಿದ್ಯುತ್ ಬಂದ ಮೇಲೆ ಇಂಜೆಕ್ಟರ್ ತೆರೆಯಲು ಹಿಡಿಯುವ ಹೊತ್ತು) ಪಟ್ಟಿ ಕೊಡದ ಸೆಟ್ಟು ಬೇಡವೇ ಬೇಡ. ವೋಲ್ಟೇಜಿಗೆ ತಕ್ಕ ಡೆಡ್ ಟೈಮ್ ಗೊತ್ತಿಲ್ಲದೆ ಐಡ್ಲಿಂಗ್ ಸರಿಮಾಡಲು ಮ್ಯಾಪ್ ಬರೆಯುವ ಟ್ಯೂನರ್ ಎರಡು ದಿನ ಒದ್ದಾಡುತ್ತಾನೆ, ಆ ಬಿಲ್ಲು ನಿಮ್ಮದೇ.

ಪಂಪಿನ ವಿಷಯದಲ್ಲಿ ಜನ ಎಡವುವುದು ವೈರಿಂಗಿನಲ್ಲಿ. ಎಥನಾಲಿಗೆ ಒಗ್ಗುವ ದೊಡ್ಡ ಪಂಪು ತಂದು, ಕಾರಿನ ಹಳೇ ಸಣ್ಣ ವೈರಿಗೇ ಕಟ್ಟುತ್ತಾರೆ. ಲೋಡ್ ಬಿದ್ದಾಗ ಪಂಪಿನ ತುದಿಯಲ್ಲಿ ವೋಲ್ಟೇಜ್ 12.5ಕ್ಕಿಂತ ಕೆಳಗೆ ಹೋದರೆ ಪಂಪಿನ ಡಬ್ಬಿಯ ಮೇಲೆ ಬರೆದ ಅಂಕಿಗೆ ಅರ್ಥವಿಲ್ಲ. ಬ್ಯಾಟರಿಯಿಂದ ನೇರ 10 ಗೇಜಿನ ವೈರು, ನಡುವೆ ಫ್ಯೂಸು, ರಿಲೇ, ಹಿಂದೆ ಒಳ್ಳೆಯ ಅರ್ಥಿಂಗ್ ಇರಲಿ. ಆಮೇಲೆ ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆಯ, ಅಂದರೆ ಫ್ಯೂಯೆಲ್ ರೈಲಿನ ಒತ್ತಡ ನೋಡಿ. ಆ ಒತ್ತಡ ಹಿಡಿದಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ತೆಗೆದಾಗ 3 ಬಾರ್ ಇದ್ದರೆ, 1.4 ಬಾರ್ ಬೂಸ್ಟಿನಲ್ಲಿ 4.4 ಬಾರ್ ಆಗಲೇಬೇಕು. 4000 ಆರ್‌ಪಿಎಂನಲ್ಲಿ 4.4 ಇದ್ದದ್ದು 6500ಕ್ಕೆ 3.9ಕ್ಕೆ ಇಳಿದರೆ ಪಂಪು, ಫಿಲ್ಟರು, ವೈರು ಈ ಮೂರರಲ್ಲೊಂದು ಸೋತಿದೆ. ಮ್ಯಾಪ್‌ನಲ್ಲಿ ಇಂಧನ ಏರಿಸಿ ಅದನ್ನು ಮುಚ್ಚಿಡಬಾರದು. ಐಡ್ಲಿಂಗಿನಲ್ಲಿ ಒತ್ತಡ 3 ಬಾರ್‌ಗಿಂತ ಮೇಲೇ ನಿಂತುಬಿಟ್ಟರೆ ತೊಂದರೆ ಉಲ್ಟಾ: ದೊಡ್ಡ ಪಂಪು ಕೊಡುವ ಇಂಧನವನ್ನು ಹಳೇ ರೆಗ್ಯುಲೇಟರ್ ವಾಪಸ್ ಕಳಿಸಲು ಆಗುತ್ತಿಲ್ಲ.

ಹೋಸುಗಳು ಪಿಟಿಎಫ್‌ಇ (ಟೆಫ್ಲಾನ್) ಒಳಪದರದವಾಗಿರಲಿ. ಹಳೇ ಕಾರಿನ ಮಾಮೂಲಿ ರಬ್ಬರು, ಕಾರ್ಕ್ ಗ್ಯಾಸ್ಕೆಟ್ಟು, ಸತುವಿನ ಲೇಪ ಎಥನಾಲಿಗೆ ತಾಳುವುದಿಲ್ಲ. ವರ್ಷಗಟ್ಟಲೆ ಟ್ಯಾಂಕಿನಲ್ಲಿ ಕೂತ ಕೊಳೆಯನ್ನೂ ಎಥನಾಲ್ ತೊಳೆದು ತರುತ್ತದೆ. ಮೊದಲ ಎರಡು ಮೂರು ಟ್ಯಾಂಕ್ ಮುಗಿದ ಕೂಡಲೇ ಫಿಲ್ಟರ್ ಬದಲಿಸಿ. ಕಾಗದದ ಫಿಲ್ಟರಿನ ಬದಲು 10 ಮೈಕ್ರಾನಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಒಳ್ಳೆಯದು.

ಈಗ ಇಂಧನದ ಎಥನಾಲ್ ಪ್ರಮಾಣ ಅಳೆದು ಎಂಜಿನ್ ಕಂಪ್ಯೂಟರಿಗೆ ಹೇಳುವ ಫ್ಲೆಕ್ಸ್ ಫ್ಯೂಯೆಲ್ ಸೆನ್ಸರ್. ಜಿಎಂ (ಜನರಲ್ ಮೋಟಾರ್ಸ್) ಕಾರುಗಳಲ್ಲಿ ಬರುವ ಕಾಂಟಿನೆಂಟಲ್ ಸೆನ್ಸರನ್ನೇ ಬಹುತೇಕ ಎಲ್ಲ ಕಿಟ್ಟುಗಳಲ್ಲೂ ಕೊಡುತ್ತಾರೆ. ಮೂರು ವೈರು: 12 ವೋಲ್ಟ್, ಅರ್ಥ್, ಸಿಗ್ನಲ್. ಎಥನಾಲ್ ಇಲ್ಲದಿದ್ದರೆ 50 ಹರ್ಟ್ಸ್, ಪೂರ್ತಿ ಎಥನಾಲಾದರೆ 150. ಹರ್ಟ್ಸಿನಿಂದ 50 ಕಳೆದರೆ ಶೇಕಡಾವಾರು ಸಿಕ್ಕಿತು. 120 ಹರ್ಟ್ಸ್ ಬಂದರೆ ಶೇ. 70, ಗಾಜಿನ ಕೊಳವೆಯ ಲೆಕ್ಕಕ್ಕೆ ತಾಳೆ ಹಾಕಿ ನೋಡಿ. 150 ದಾಟಿ ಏರುತ್ತಿದ್ದರೆ ಇಂಧನದಲ್ಲಿ ನೀರು ಸೇರಿರುವ ಅನುಮಾನ ಪಡಿ. ಸಿಗ್ನಲ್ ವೈರಿಗೆ ಪುಲ್‌ಅಪ್ ರೆಸಿಸ್ಟರ್ (ವೈರಿನ ವೋಲ್ಟೇಜ್ ಎತ್ತಿ ಹಿಡಿಯುವ ರೆಸಿಸ್ಟರ್) ಬೇಕು. ಅದಿಲ್ಲದೆ ಸೆನ್ಸರ್ ಸತ್ತಂತೆ ಕಾಣುತ್ತದೆ. ಜಾಸ್ತಿ ಶಕ್ತಿಯ ಕಾರಿನಲ್ಲಿ ಇದನ್ನು ರಿಟರ್ನ್ ಲೈನಿನಲ್ಲಿ ಕೂರಿಸಿದರೆ ಫೀಡ್ ಲೈನಿನ ಹರಿವಿಗೆ ಅಡ್ಡಿ ಇರುವುದಿಲ್ಲ.

ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಎಲ್ಲವನ್ನೂ ಲ್ಯಾಂಬ್ಡಾದಲ್ಲೇ ಮಾತಾಡಿ, ಅಂದರೆ ಇರುವ ಗಾಳಿಯ ಪಾಲನ್ನು ಪೂರ್ತಿ ಉರಿಯಲು ಬೇಕಾದ ಪಾಲಿನಿಂದ ಭಾಗಿಸಿದ ಅಂಕಿಯಲ್ಲಿ. ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಗೇಜು ಪೆಟ್ರೋಲಿನ ಲೆಕ್ಕದಲ್ಲಿ 11.8 ತೋರಿಸಿದರೆ ಲ್ಯಾಂಬ್ಡಾ 0.80, ಒಳಗೆ ಯಾವ ಇಂಧನವಿದ್ದರೂ ಅಷ್ಟೇ. ಇ85ನಲ್ಲಿ ಪೂರ್ತಿ ಥ್ರಾಟಲ್‌ಗೆ 0.78ರಿಂದ 0.83 ಇಟ್ಟುಕೊಂಡರೆ ಸಾಕು. ಮೊದಲು ಪೆಟ್ರೋಲಿನ ಮ್ಯಾಪ್ ಮುಗಿಸಿ, ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಇಂಧನದ ತಿದ್ದುಪಡಿ) ಪ್ಲಸ್–ಮೈನಸ್ ಶೇ. 5ರೊಳಗೆ ಬಂದ ಮೇಲೆ ಇ85ಕ್ಕೆ ಬನ್ನಿ. ಎರಡರಲ್ಲೂ ಟ್ರಿಮ್ ಅಷ್ಟರೊಳಗೇ ಇದ್ದರೆ ಇಂಜೆಕ್ಟರಿನ ಅಂಕಿಗಳೂ ಸೆನ್ಸರೂ ಸರಿ ಇವೆ.

ಟೈಮಿಂಗ್ ಅಂತ ಬಂದಾಗ ಕೈ ಬಿಗಿ ಹಿಡಿಯಿರಿ. ಪೆಟ್ರೋಲಿನಲ್ಲಿ ನಾಕಿಂಗ್ ಸದ್ದು ಎಚ್ಚರಿಸುತ್ತದೆ. ಇ85ನಲ್ಲಿ ಆ ಸದ್ದು ಬರುವ ಮೊದಲೇ ಟೈಮಿಂಗ್ ಅತಿಯಾಗಿರಬಹುದು. ಒಂದೊಂದೇ ಡಿಗ್ರಿ ಏರಿಸಿ ಟಾರ್ಕ್ ನೋಡಿ. ಏರಿಸಿದ ಡಿಗ್ರಿಗೆ ಟಾರ್ಕ್ ಕದಲದಿದ್ದರೆ ಎರಡು ಡಿಗ್ರಿ ಹಿಂದೆ ಬನ್ನಿ. ಅದರಾಚೆ ಹೋದರೆ ಏರುವುದು ಸಿಲಿಂಡರಿನ ಒತ್ತಡ ಮಾತ್ರ, ಚಕ್ರಕ್ಕೆ ಏನೂ ಸಿಗುವುದಿಲ್ಲ. ಈ ಎಸ್‌ಟಿಐ ಎಂಜಿನ್ನಿನ ಪಿಸ್ಟನ್ ರಿಂಗ್‌ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಮೊದಲೇ ನಾಜೂಕು.

ಪೆಟ್ರೋಲ್, ಇ85 ಎರಡು ಮ್ಯಾಪ್‌ಗಳನ್ನು ಎಥನಾಲ್ ಪ್ರಮಾಣಕ್ಕೆ ತಕ್ಕಂತೆ ಬೆರೆಸುವ ಬ್ಲೆಂಡ್ ಟೇಬಲ್ಲನ್ನು ಇಂಧನಕ್ಕೊಂದು, ಟೈಮಿಂಗಿಗೊಂದು, ಬೂಸ್ಟಿಗೊಂದು ಅಂತ ಬೇರೆಬೇರೆ ಮಾಡಿಸಿ. ಇಂಧನ ಎಥನಾಲಿನ ಜೊತೆ ಹೆಚ್ಚುಕಡಿಮೆ ಸಮನಾಗಿ ಏರುತ್ತದೆ; ಟೈಮಿಂಗಿನ ಲಾಭದ ಬಹುಪಾಲು ಶೇ. 40–50ರೊಳಗೇ ಮುಗಿದಿರುತ್ತದೆ. ಸೆನ್ಸರ್ ಕೈಕೊಟ್ಟರೆ ಏನಾಗಬೇಕು ಅನ್ನುವುದನ್ನು ಟ್ಯೂನರ್ ಬಾಯಿಂದಲೇ ಕೇಳಿ. ಟೈಮಿಂಗ್, ಬೂಸ್ಟ್ ತಕ್ಷಣ ಪೆಟ್ರೋಲಿನ ಮಟ್ಟಕ್ಕೆ ಇಳಿಯಬೇಕು, ಆದರೆ ಇಂಧನ ಕೊನೆಯ ಒಳ್ಳೆಯ ಅಳತೆಯಲ್ಲೇ ನಿಲ್ಲಬೇಕು. ಇಂಧನವೂ ಸೊನ್ನೆಗೆ ಬಿದ್ದರೆ ಟ್ಯಾಂಕಿನಲ್ಲಿರುವ ಇ85ಗೆ ಎಂಜಿನ್ ಲೀನ್ (ಗಾಳಿಗೆ ಇಂಧನ ಕಡಿಮೆ) ಆಗಿಬಿಡುತ್ತದೆ. ಡೈನೊ ಮೇಲೆ ಐಡ್ಲಿಂಗಿನಲ್ಲೇ ಸೆನ್ಸರಿನ ಪ್ಲಗ್ ಕಿತ್ತು ತೋರಿಸಲು ಹೇಳಿ.

ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣನೆಯದು (ಶಾಖ ಬೇಗ ಬಿಟ್ಟುಕೊಡುವಂಥದ್ದು) ಹಾಕಿ. ಎನ್‌ಜಿಕೆ ಕಂಪನಿಯದಾದರೆ 6ರ ಬದಲು 7. ಗ್ಯಾಪ್ 0.6 ಮಿ.ಮೀ. ಇರಲಿ. ಚಳಿ ಬೆಳಗಿನ ಸ್ಟಾರ್ಟಿಗೆ ಕ್ರ್ಯಾಂಕಿಂಗ್ ಇಂಧನದ ಟೇಬಲ್ಲಿನಲ್ಲಿ ಪೆಟ್ರೋಲಿನ ಎರಡು ಮೂರು ಪಟ್ಟು ಬೇಕಾಗಬಹುದು. ಇದನ್ನು ರಾತ್ರಿಯಿಡೀ ಹೊರಗೆ ನಿಂತ ಕಾರಿನಲ್ಲೇ ಸರಿಮಾಡಬೇಕು, ಒಂದು ಬೆಳಿಗ್ಗೆಗೆ ಒಂದೇ ಪ್ರಯತ್ನ.

ಡೈರೆಕ್ಟ್ ಇಂಜೆಕ್ಷನ್ (ಇಂಧನ ನೇರ ಸಿಲಿಂಡರಿಗೇ ಹೋಗುವ) ಕಾರಿದ್ದರೆ ಹೈಪ್ರೆಷರ್ ಪಂಪೇ ಮಿತಿ. ಅಂಥವರು ಪೂರ್ತಿ ಇ85 ಬಿಟ್ಟು ಇ30ರ (ಶೇ. 30 ಎಥನಾಲ್) ಆಸುಪಾಸಿನಲ್ಲಿ ನಿಲ್ಲುವುದು ಮೇಲು. 50 ಲೀಟರ್ ಟ್ಯಾಂಕಿಗೆ, ಅಳೆದು ಶೇ. 75 ಬಂದ ಇ85ನ 15.4 ಲೀಟರ್, ಉಳಿದದ್ದು ಇ10. ಚಳಿಗಾಲದಲ್ಲಿ ಅದೇ ಪಂಪು ಶೇ. 51 ಕೊಟ್ಟರೆ 24.4 ಲೀಟರ್ ಬೇಕು. ಅಂದಾಜಿನ ಕ್ಯಾನು ಸುರಿಯುವವರು ಈ ವ್ಯತ್ಯಾಸ ಒಮ್ಮೆ ನೋಡಿಕೊಳ್ಳಲಿ.

ಬೆಂಗಳೂರಿನಲ್ಲಿ ರೀಮ್ಯಾಪ್ ಮಾಡಿಸುವವರಿಗೆ ಒಂದು ಮಾತು. ಈಗ ಬಂಕಿನಲ್ಲಿ ಮಾಮೂಲಿಯಾಗಿ ಸಿಗುವುದು ಇ20, ಅದರ ಗಾಳಿಯ ಪಾಲು 13.5ರ ಹತ್ತಿರ. ವಿದೇಶದಿಂದ ಬಂದ ಇ0, ಇ10 ಮ್ಯಾಪ್ ಹಾಕಿದರೆ ಟ್ರಿಮ್ ಅದನ್ನು ಸಂಭಾಳಿಸಿದಂತೆ ಕಂಡರೂ ಪೂರ್ತಿ ಥ್ರಾಟಲ್‌ನಲ್ಲಿ ವೈಡ್‌ಬ್ಯಾಂಡ್ ಲಾಗ್ ನೋಡದೆ ಬಿಡಬೇಡಿ. 2024ರ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ 183 ಬಂಕುಗಳಲ್ಲಿ ಎಥನಾಲ್ 100 ಮಾರಾಟ ಶುರುಮಾಡಿತು. ಅದು ಫ್ಲೆಕ್ಸ್ ಫ್ಯೂಯೆಲ್ ಗಾಡಿಗಳಿಗೆ ಅಂತಲೇ ಇರುವುದು. ಮೇಲೆ ಹೇಳಿದ ಪಂಪು, ಇಂಜೆಕ್ಟರ್, ಸೆನ್ಸರ್ ಇಲ್ಲದ ಕಾರಿಗೆ ಅದನ್ನು ಸುರಿಯುವುದು ಹುಡುಗಾಟ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ರಸ್ತೆಗಿಳಿಸುವುದು ಇಲ್ಲಿಯೂ ಅಮೆರಿಕದಲ್ಲಿಯೂ ಕಾನೂನಿಗೆ ವಿರುದ್ಧ.

ಎಂಜಿನ್ ಆಯಿಲನ್ನು 4000–5000 ಕಿ.ಮೀ.ಗೆ ಬದಲಿಸಿ. ಗಿಡ್ಡ ಓಡಾಟವೇ ಹೆಚ್ಚಿದ್ದರೆ ಆಯಿಲ್ ಮುಚ್ಚಳದ ಕೆಳಗೆ ಹಾಲಿನಂಥ ನೊರೆ ಕಾಣುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ವಾರಕ್ಕೊಮ್ಮೆಯಾದರೂ ಓಡಿಸಿದರೆ ಅದು ಹೋಗುತ್ತದೆ, ಕೂಲಂಟ್ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ನೋಡಿಸಿ. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಿದ್ದರೆ ಟ್ಯಾಂಕಿನ ಇ85 ಖಾಲಿಮಾಡಿ, ಪೆಟ್ರೋಲ್ ಪೂರ್ತಿ ತುಂಬಿಸಿ, ಸೆನ್ಸರಿನ ಅಂಕಿ ಇಳಿದು ನಿಲ್ಲುವವರೆಗೆ ಹತ್ತು ಹದಿನೈದು ಕಿ.ಮೀ. ಓಡಿಸಿ. ಇಲ್ಲವಾದರೆ ಎಥನಾಲ್ ಗಾಳಿಯ ತೇವ ಹೀರಿಕೊಂಡು ಇಂಜೆಕ್ಟರಿನ ತುದಿಯಲ್ಲಿ ಅಂಟು ಕಟ್ಟುತ್ತದೆ, ಮುಂದೆ ಸ್ಟಾರ್ಟ್ ಮಾಡುವ ದಿನ ನಾಲ್ಕರಲ್ಲಿ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ.