ಪಾದ್ರಿ ಮನೆಯ ಸಿಮೆಂಟ್ ಕಿತ್ತ ಕಥೆ

ಕಲ್ಲಿನ ಸಂದಿಗೆ ಮೆತ್ತಿದ್ದ ಸಿಮೆಂಟ್ ಕಿತ್ತು ಸುಣ್ಣದ ಗಾರೆ ತುಂಬಿದೆ ನೋಡಿ, ಈ ಚಳಿಗಾಲ ಪೂರ್ತಿ ನಮ್ಮ ಹಿಂಗೋಡೆ ಒಣಗಿಯೇ ಇತ್ತು. "ಸಿಮೆಂಟ್ ಕಿತ್ರೆ ಗೋಡೆ ಕುಸಿದು ಕೂರತ್ತೆ ಮಾರಾಯಾ" ಅಂದಿದ್ದ ಡಂಡೀ ಪಟ್ಟಣದ ಗೆಳೆಯರನ್ನೆಲ್ಲ ಕರೆದು ಕಾಫಿ ಕೊಟ್ಟೆ, ಆ ಗೋಡೆಗೇ ಒರಗಿಸಿ ಕೂರಿಸಿ!

ಮನೆ ಇರುವುದು ಸ್ಕಾಟ್ಲೆಂಡಿನ ಆಂಗಸ್‌ನಲ್ಲಿ. ಕೆಂಪು ಮರಳುಗಲ್ಲಿನ ಹಳೇ ಮ್ಯಾನ್ಸ್, ಅಂದರೆ ಪ್ರೆಸ್ಬಿಟೇರಿಯನ್ ಪಾದ್ರಿಯ ಮನೆ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಪಂಗಡವೇ ಒಡೆದು 450ಕ್ಕೂ ಹೆಚ್ಚು ಪಾದ್ರಿಗಳು ಹೊರಬಂದರಲ್ಲ, ಆಮೇಲೆ ಎಷ್ಟೋ ಊರುಗಳಲ್ಲಿ ಎರಡೆರಡು ಮ್ಯಾನ್ಸ್ ಎದ್ದವು. ಹಳೇ ಚರ್ಚಿನದ್ದಕ್ಕೆ ಜಮೀನ್ದಾರರು ದುಡ್ಡು ಕೊಡಬೇಕಿತ್ತು. ನಮ್ಮದು ಹೊರಬಂದವರ ಕಡೆಯದು, ಜನರ ಚಂದಾ ದುಡ್ಡಿನದು. ಅದು ಗೋಡೆಯಲ್ಲೇ ಕಾಣುತ್ತದೆ: ಮುಂದೆ ನಯವಾಗಿ ಕೆತ್ತಿದ ಕಲ್ಲು, ಹಿಂದೆ ಬರೀ ಕಾಡುಗಲ್ಲು.

ತೇವ ಇದ್ದದ್ದು ಆ ಹಿಂಭಾಗದಲ್ಲೇ. ಮೊದಲು ಗೋಡೆಗೆ ತೂತು ಕೊರೆದು ತೇವ ತಡೆಯುವ ಔಷಧಿ ತುಂಬಿಸಿದೆ. ಹತ್ತಿರ ಹತ್ತಿರ 2,000 ಪೌಂಡ್ ನೀರಿಗೆ. ಎರಡಡಿ ದಪ್ಪದ ಗೋಡೆ, ಒಳಗೆಲ್ಲ ಚೂರುಗಲ್ಲು, ಔಷಧಿ ಎಲ್ಲಿ ನಿಲ್ಲಬೇಕು? ಕೊನೆಗೆ ಹೊರಗಡೆ ಸರಿಯಾಗಿ ನೋಡಿದೆ. ಸಂದಿನ ಸಿಮೆಂಟ್ ಏಣಿನ ಹಾಗೆ ಎದ್ದು ನಿಂತಿತ್ತು, ಕಲ್ಲು ಮಾತ್ರ ಒಳಕ್ಕೆ ಸವೆದಿತ್ತು. ಅಂಗೈಯಲ್ಲಿ ಉಜ್ಜಿದರೆ ಕೆಂಪು ಪುಡಿ. ಕೂದಲೆಳೆ ಬಿರುಕಿನಲ್ಲಿ ಒಳಹೋದ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ.

ಸಿಮೆಂಟ್ ಕೀಳುವ ಆತುರಕ್ಕೆ ಕಲ್ಲು ಕೊಯ್ಯುವ ಗ್ರೈಂಡರ್ ಹಿಡಿದು ಹತ್ತು ಹನ್ನೆರಡು ಕಲ್ಲಿನ ಅಂಚು ಹಾಳು ಮಾಡಿದೆ. ಆ ಗೀರು ಈಗಲೂ ಕಾಣುತ್ತದೆ, ಆ ಕಡೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಆಮೇಲೆ ಉಳಿ, ಸುತ್ತಿಗೆಯೇ ಗತಿ. ಎನ್‌ಎಚ್‌ಎಲ್ 3.5 ಅನ್ನುವ, ನೀರು ಕುಡಿದು ಗಟ್ಟಿಯಾಗುವ ಜಾತಿಯ ಸುಣ್ಣವನ್ನು ಅಕ್ಟೋಬರ್‌ನಲ್ಲಿ ತುಂಬಿದ್ದು ಇನ್ನೊಂದು ಪೆದ್ದುತನ. ಹಿಮ ಹೊಡೆದು ಮಾರ್ಚ್‌ಗೆ ಹಿಟ್ಟಿನ ಹಾಗೆ ಉದುರಿತು. 400 ಪೌಂಡಿನ ಮಾಲು.

ಮರುವರ್ಷ ಹಳೇ ಗಾರೆಯ ಒಂದು ಹೆಂಟೆಯನ್ನು ಚಾರ್ಲ್ಸ್‌ಟೌನ್‌ನಲ್ಲಿ ಸುಣ್ಣದ ಗಾರೆ ಪರೀಕ್ಷೆ ಮಾಡುವ ಸ್ಕಾಟಿಷ್ ಲೈಮ್ ಸೆಂಟರ್‌ಗೆ ಕಳಿಸಿ, ಅದಕ್ಕೆ ಹೊಂದುವ ಮರಳು ಹೊಂದಿಸಿಕೊಂಡೆ. ಸುಟ್ಟ ಸುಣ್ಣವನ್ನು ಮರಳಿನ ಜೊತೆಯಲ್ಲೇ ಅರಳಿಸಿ, ಬಿಸಿ ಇಳಿದ ಮೇಲೆ ತುಂಬಿದೆ. ಮೇಯಿಂದ ಆಗಸ್ಟ್, ಅಷ್ಟೇ. ಮೇಲೆ ಒದ್ದೆ ಗೋಣಿತಾಟು. ಮಳೆಗಾಳಿ ಹೊಡೆಯುವ ಪಶ್ಚಿಮದ ಮೂಲೆಗೆ ಬೇರೆ ಒಂದು ಪದಾರ್ಥ ಸೇರಿಸಿದ್ದೇನೆ. ಅದೇನು ಅಂತ ಕೇಳಬೇಡಿ.

ನಮ್ಮಜ್ಜ ತಿಪಟೂರು ಕಡೆ ಗಾರೆ ಕೆಲಸದವರು, ಬೆಲ್ಲದ ನೀರು, ಅಳಲೆಕಾಯಿ ಹಾಕುತ್ತಿದ್ದರು. ಸುಮ್ನೆ ನೋಡೋಣ ಅಂತ ಕೋಳಿಗೂಡಿನ ಗೋಡೆಗೆ ಬೆಲ್ಲ ಕಲಸಿ ಹಾಕಿದೆ. ಮೂರು ದಿನ ಕಣಜಗಳ ಜಾತ್ರೆ! ಗಟ್ಟಿಯಾಗಲು ಜಾಸ್ತಿ ದಿನ ಹಿಡಿಯಿತು, ಈಗ ಮಾತ್ರ ಉಗುರು ಇಳಿಯುವುದಿಲ್ಲ.

ಮನೆ ಸಿ ದರ್ಜೆಯ ಪಾರಂಪರಿಕ ಪಟ್ಟಿಯಲ್ಲಿದೆ. ಹಾಗಾಗಿ ಕೌನ್ಸಿಲ್‌ಗೆ ಮೊದಲೇ ಬರೆದು ಉತ್ತರ ತರಿಸಿಕೊಂಡಿದ್ದೆ. ಕಂಟ್ರಾಕ್ಟರ್ ಕೇಳಿದ್ದು 16,000 ಪೌಂಡ್. ನನಗಾದದ್ದು ಅಟ್ಟಣಿಗೆ ಬಾಡಿಗೆ ಸೇರಿ ಮೂರೂವರೆ ಸಾವಿರದ ಆಸುಪಾಸು, ಮೇಲೆ ಎರಡು ಬೇಸಿಗೆ ರಜೆ. ಗೋಡೆ ಒಣಗಲು ಮತ್ತೊಂದು ವರ್ಷ ಹಿಡಿಯಿತು.

ಮೊನ್ನೆ ಪಕ್ಕದ ಮನೆಯವರು ಬಂದು ಗೋಡೆ ಮುಟ್ಟಿ ನೋಡಿದರು. ಅವರದ್ದೂ ಸಿಮೆಂಟೇ. ಉಳಿ ಎರವಲು ಕೇಳಿದರು. ಕೊಟ್ಟೆ, ಆದರೆ ಮೇ ತಿಂಗಳೊಳಗೆ ವಾಪಸ್ ಬೇಕು ಅಂದಿದ್ದೇನೆ. ನನ್ನ ಚಿಮಣಿ ಇನ್ನೂ ಬಾಕಿ ಇದೆ.