ಎರಡು ಗಂಟೆ ಮೇಲಿನ ಬಿಸಿಲು ನಮ್ಮದಲ್ಲ

ಯುಗಾದಿ ಹತ್ತಿರ ಬಂತು ಅಂದರೆ ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರ ತಾಲ್ಲೂಕಿನ ಕಡೆ ಆಕಾಶವನ್ನು ನಂಬುವ ಹಾಗಿರುವುದಿಲ್ಲ. ಬೆಳಿಗ್ಗೆ ಕಣ್ಣು ಬಿಡಲಾಗದಷ್ಟು ಬಿಸಿಲು. ಮೂರು ಗಂಟೆಗೆ ಗುಡ್ಡದ ತಲೆಯ ಮೇಲೆ ಕರಿಮೋಡ. ನಾಲ್ಕಕ್ಕೆ ಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಮರುದಿನ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಮತ್ತೆ ಬಿಸಿಲು. ನಾನು ಈ ಮನೆಗೆ ಸೊಸೆಯಾಗಿ ಬಂದು 52 ವರ್ಷ ಆಯಿತು. ಮೊದಲ ವರ್ಷವೇ ಅತ್ತೆ ಒಂದು ಮಾತು ಹೇಳಿದ್ದರು: "ಚೈತ್ರ ವೈಶಾಖದಲ್ಲಿ ಎರಡು ಗಂಟೆ ಮೇಲಿನ ಬಿಸಿಲು ನಮ್ಮದಲ್ಲ, ಮಗಾ. ಅದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ." ಈ ಕಾಲದ ಮನೆಗೆಲಸವೆಲ್ಲ ನಾನು ಇವತ್ತಿಗೂ ಆ ಮಾತಿನ ಮೇಲೆಯೇ ಹೊಂದಿಸಿಕೊಳ್ಳುತ್ತೇನೆ.

ಅದಕ್ಕೆ ಕಾರಣವೂ ಇದೆ. ಬೆಳಗಿನಿಂದ ನೆಲ ಕಾಯುತ್ತದೆ, ಕಾದ ಗಾಳಿ ಮೇಲೇಳುತ್ತದೆ. ಸಮುದ್ರದ ಕಡೆಯಿಂದ ಬಂದ ಹಸಿ ಗಾಳಿಯೂ ಅದರ ಜೊತೆ ಮೇಲೆ ಹೋಗಿ ಮೋಡ ಕಟ್ಟುತ್ತದೆ. ಇಷ್ಟಾಗಲು ಮಧ್ಯಾಹ್ನ ಕಳೆಯಬೇಕು. ಹಾಗಾಗಿ ಈ ಅಡ್ಡಮಳೆ ಬೆಳಿಗ್ಗೆ ಬರುವುದು ಅಪರೂಪ, ಸಂಜೆಗೆ ಬರುವುದೇ ಜಾಸ್ತಿ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆ ಹುಟ್ಟುತ್ತದೆ, ತಿಂಗಳ ಕೊನೆಗೆ ಭರಣಿ, ಮೇ 11ರ ಹೊತ್ತಿಗೆ ಕೃತ್ತಿಕೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಗದ್ದೆ ತೋಟಕ್ಕೆ ಆ ಮಾತು ಸರಿ. ಅಂಗಳದಲ್ಲಿ ಹಪ್ಪಳ ಹರಡಿಕೊಂಡವರ ಸಂಕಟ ಬೇರೆ.

ಬೆಳಿಗ್ಗೆ ಎದ್ದ ಕೂಡಲೇ ಉಪ್ಪಿನ ಮರಿಗೆಗೆ ಕೈ ಹಾಕಿ ನೋಡಿ. ಕಲ್ಲುಪ್ಪು ಕೈಗೆ ಅಂಟಿ, ಅಡಿಯಲ್ಲಿ ನೀರೊಡೆದಿದ್ದರೆ ಗಾಳಿಯಲ್ಲಿ ಪಸೆ ತುಂಬಿದೆ ಅಂತ ಅರ್ಥ. ಅಂಥ ದಿನ ಹೊಸದಾಗಿ ಹಪ್ಪಳ, ಸಂಡಿಗೆ ಹಚ್ಚಿಕೊಳ್ಳಬೇಡಿ. ಮಳೆ ಬಾರದಿದ್ದರೂ ಅವು ಒಣಗುವುದು ನಿಧಾನ.

ಹಲಸಿನಕಾಯಿ ಹಪ್ಪಳದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಎರಡನೇ ಮಗ ಹೊಟ್ಟೆಯಲ್ಲಿದ್ದ ವರ್ಷ ನಾವು ಒಂದೇ ದಿನ ನಾನೂರು ಹಪ್ಪಳ ಒತ್ತಿದ್ದೆವು. ಕೆಲಸ ಶುರುವಾಗಿದ್ದೇ ತಡವಾಗಿ, ಚಾಪೆಗೆ ಹಾಕುವಾಗ ಹನ್ನೊಂದು ಗಂಟೆ. ಮೂರೂವರೆಗೆ ಮಳೆ ಬಂತು. ಒಂದು ಮಗ್ಗುಲು ಒಣಗಿತ್ತು, ಇನ್ನೊಂದು ಮಗ್ಗುಲು ಹಸಿ. ಗಡಿಬಿಡಿಯಲ್ಲಿ ಎಲ್ಲವನ್ನೂ ಬಾಚಿ, ಒಂದರ ಮೇಲೊಂದು ಪೇರಿಸಿ ಅಡುಗೆಮನೆ ಮೂಲೆಯಲ್ಲಿಟ್ಟೆವು. ಬೆಳಿಗ್ಗೆ ನೋಡಿದರೆ ಎಲ್ಲ ಒಂದೇ ಮುದ್ದೆ. ಹುಳಿ ವಾಸನೆ ಬರುತ್ತಿತ್ತು. ಎರಡು ದಿನದ ದುಡಿಮೆ ದನದ ಕಲಗಚ್ಚಿಗೆ ಹೋಯಿತು. ಅತ್ತೆ ಬೈಯಲಿಲ್ಲ. "ಒದ್ದೆಯಾದರೆ ಒಣಗಿಸಬಹುದು, ಅರೆ ಒಣಗಿದ್ದನ್ನು ಪೇರಿಸಬಾರದು" ಅಂದರು, ಅಷ್ಟೇ.

ಅಂದಿನಿಂದ ನನ್ನ ಪದ್ಧತಿ ಹೀಗೆ. ಬಲಿತ ಕಾಯನ್ನು ಹಿಂದಿನ ಸಂಜೆಯೇ ಕೊಯ್ದು ಸೊಳೆ ಬಿಡಿಸಿ ಇಡುತ್ತೇನೆ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ಬೆಳಿಗ್ಗೆ ಐದಕ್ಕೆ ಸೊಳೆ ಹಬೆಯಲ್ಲಿ ಬೇಯಲಿಕ್ಕೆ ಇಟ್ಟು, ಬಿಸಿ ಇರುವಾಗಲೇ ಉಪ್ಪು, ಮೆಣಸಿನಪುಡಿ, ಜೀರಿಗೆ ಹಾಕಿ ಕುಟ್ಟಬೇಕು. ಆರಿದರೆ ಒಳ್ಳೆ ಹದ ಬರುವುದಿಲ್ಲ. ಎಂಟಕ್ಕೆ ಒತ್ತಲಿಕ್ಕೆ ಕೂತರೆ ಒಂಬತ್ತಕ್ಕೆ ಚಾಪೆ ತುಂಬುತ್ತದೆ. ನಾನೂರು ಬೇಡ, ನೂರು ಸಾಕು. ನೂರು ಹಪ್ಪಳದ ಚಾಪೆಯನ್ನು ಇಬ್ಬರು ಹಿಡಿದು ಹಾಗೆಯೇ ಜಗಲಿಗೆ ಎತ್ತಿಡಬಹುದು, ಒಂದೊಂದಾಗಿ ಬಾಚುವ ಪ್ರಮೇಯವೇ ಇಲ್ಲ. ಹನ್ನೆರಡರ ಹೊತ್ತಿಗೆ ಅಂಚು ತಾನಾಗಿಯೇ ಏಳಲು ಶುರುವಾಗುತ್ತದೆ. ಆಗ ಮಗುಚಿ ಹಾಕಿ. ಎರಡಕ್ಕೆ, ಬಿಸಿಲು ಎಷ್ಟೇ ಚೆನ್ನಾಗಿರಲಿ, ಒಳಗೆ ತನ್ನಿ. ಒಳಗೂ ಚಾಪೆಯ ಮೇಲೆ ಬಿಡಿಬಿಡಿಯಾಗಿಯೇ ಇರಲಿ, ಫ್ಯಾನ್ ಹಾಕಿಡಿ. ಕರೆಂಟು ಹೋದರೆ ಒಲೆಯ ಮೇಲಿನ ಅಟ್ಟದ ಬಿಸುಪು ಒಂದು ರಾತ್ರಿ ದಾಟಿಸುತ್ತದೆ.

ಮೂರನೇ ಬಿಸಿಲಿಗೆ ಒಂದನ್ನು ಮುರಿದು ನೋಡಿ. ಬಾಗಿದರೆ ಇನ್ನೂ ಒಂದು ದಿನ ಬೇಕು. ಟಕ್ಕೆಂದು ಮುರಿದರೆ ಆಯಿತು. ಹಾಗಂತ ಬಿಸಿಲಿನಿಂದ ತಂದ ಬಿಸಿಬಿಸಿ ಹಪ್ಪಳವನ್ನು ನೇರ ಡಬ್ಬಿಗೆ ಹಾಕಬೇಡಿ. ಮುಚ್ಚಳದೊಳಗೆ ಬೆವರಿ ತಿಂಗಳೊಪ್ಪತ್ತಿನಲ್ಲಿ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಪೂರ್ತಿ ತಣಿಯಲಿ, ಆಮೇಲೆ ತುಂಬಿಸಿ.

ಕಾಳುಮೆಣಸು ಇದ್ದವರು ಇನ್ನೊಂದು ಉಪಾಯ ಮಾಡಬಹುದು. ಬಳ್ಳಿಯಿಂದ ಕೊಯ್ದು ಗೊಂಚಲಿನಿಂದ ಬಿಡಿಸಿದ ಕಾಳನ್ನು ಬಿದಿರಿನ ಬುಟ್ಟಿಯಲ್ಲಿ ಹಾಕಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ನೀರು ಬಸಿದು ಹರಡಿದರೆ ಸುಮ್ನೆ ಒಣಗಿಸುವುದಕ್ಕಿಂತ ಒಂದೆರಡು ದಿನ ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮ ಕಪ್ಪಾಗಿ ಬರುತ್ತದೆ. ಮಳೆ ಕಣ್ಣಾಮುಚ್ಚಾಲೆ ಆಡುವ ಕಾಲದಲ್ಲಿ ಎರಡು ದಿನ ಉಳಿಯುವುದು ಸಣ್ಣ ಮಾತಲ್ಲ.

ಇನ್ನು ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಎಳೆ ಮಾವಿನಕಾಯಿ. ಗಾಳಿಮಳೆ ಬಂದ ಮರುದಿನ ಮರದಡಿ ಹಾಸಿದ ಹಾಗೆ ಮಿಡಿ ಬಿದ್ದಿರುತ್ತದೆ. ನೋಡಿದರೆ ಆಸೆಯಾಗುತ್ತದೆ, ನಿಜ. ಆದರೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಬೇಡವೇ ಬೇಡ. ಹೊರಗೆ ಕಾಣದಿದ್ದರೂ ಒಳಗೆ ಪೆಟ್ಟು ತಿಂದಿರುತ್ತದೆ. ಅಂಥ ನಾಲ್ಕು ಮಿಡಿ ಜಾಡಿಯಲ್ಲಿದ್ದರೆ ಉಳಿದ ನಾನೂರನ್ನೂ ಮೆತ್ತಗೆ ಮಾಡುತ್ತವೆ. ಅವನ್ನು ಅವತ್ತೇ ಅಪ್ಪೆಹುಳಿಗೋ ಗೊಜ್ಜಿಗೋ ಬಳಸಿ ಮುಗಿಸಿ. ಜಾಡಿಗೆ ಹಾಕುವ ಮಿಡಿಯನ್ನು ತೊಟ್ಟಿನ ಸಮೇತ ಮರದಿಂದಲೇ ಕೊಯ್ಯಿಸಬೇಕು. ತೊಟ್ಟು ಹೋದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳ ಹೋಯಿತು. ಮಳೆಯಲ್ಲಿ ನೆನೆದ ಮಿಡಿಯಾದರೆ ಹತ್ತಿಬಟ್ಟೆಯ ಮೇಲೆ ನೆರಳಲ್ಲಿ ಹರಡಿ, ನೀರಿನ ಪಸೆ ಪೂರ್ತಿ ಆರುವ ತನಕ ಕಾಯಿರಿ. ನಮ್ಮ ಮನೆಯ ಅಳತೆ ನಾಲ್ಕು ಸೇರು ಮಿಡಿಗೆ ಒಂದು ಸೇರು ಕಲ್ಲುಪ್ಪು. ದಿನಕ್ಕೊಮ್ಮೆ ಜಾಡಿ ಕುಲುಕಿಸಿ. ಮಿಡಿ ಚಿರುಟಿಕೊಂಡು ಉಪ್ಪುನೀರು ಬಿಟ್ಟ ಮೇಲೆ ಖಾರ ಹಾಕುವ ಯೋಚನೆ.

ಗುಡುಗಿನ ಮಾತು ಬಂದರೆ ನನಗೆ ಹೆದರಿಕೆ ಇದೆ, ನಿಮಗೂ ಇರಲಿ. ಪಕ್ಕದ ಊರಲ್ಲಿ ಒಂದು ವರ್ಷ ಮಾವಿನ ಮರದಡಿ ಕಟ್ಟಿದ್ದ ಎರಡು ಹಸುಗಳು ಒಂದೇ ಸಿಡಿಲಿಗೆ ಹೋದವು. ಕಟ್ಟಿದ್ದ ಹುಡುಗ ಆಗಷ್ಟೇ ಮನೆಗೆ ಹೋಗಿದ್ದ. ಮಿಂಚು ಕಂಡ ಮೇಲೆ ಒಂದು, ಎರಡು, ಮೂರು ಅಂತ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ. ಮನೆಯೊಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಕಾಲಿಡಬೇಡಿ. ಎಷ್ಟೋ ಹೆಣ್ಣುಮಕ್ಕಳು ತಾರಸಿಯ ಮೇಲಿನ ಬಟ್ಟೆ, ಸಂಡಿಗೆ ತರಲಿಕ್ಕೆ ಅಂತ ಗುಡುಗುವಾಗಲೇ ಮೇಲೆ ಓಡುತ್ತಾರೆ. ಬಟ್ಟೆ ನೆನೆಯಲಿ, ಸಂಡಿಗೆ ಹಾಳಾಗಲಿ, ದಯವಿಟ್ಟು ಹೋಗಬೇಡಿ. ನಲ್ಲಿ ನೀರು ಮುಟ್ಟುವುದು, ಸ್ನಾನ, ಪಾತ್ರೆ ತೊಳೆಯುವುದು ಎಲ್ಲ ಆಮೇಲೆ. ಟಿವಿ, ಫ್ರಿಜ್ಜಿನ ಪ್ಲಗ್ಗನ್ನು ಮೋಡ ಕಂಡಾಗಲೇ ಕಿತ್ತಿಡಿ, ಸಿಡಿಲು ಶುರುವಾದ ಮೇಲೆ ಅದಕ್ಕೂ ಕೈ ಹಾಕಬೇಡಿ. ನನ್ನ ಮೊಮ್ಮಗಳು ಫೋನಿಗೆ ದಾಮಿನಿ ಅನ್ನುವ ಆ್ಯಪ್ ಹಾಕಿಕೊಟ್ಟಿದ್ದಾಳೆ. ಹತ್ತಿರದಲ್ಲಿ ಸಿಡಿಲಿನ ಸಂಭವ ಇದ್ದರೆ ಅದು ಮೊದಲೇ ತಿಳಿಸುತ್ತದೆ. ತೋಟಕ್ಕೆ ಹೋಗುವವರು ಒಮ್ಮೆ ನೋಡಿಕೊಂಡು ಹೋಗಲಿ.

ಅದೇ ಮಳೆಯಿಂದ ಒಂದು ಉಪಕಾರವನ್ನೂ ಪಡೆಯಬಹುದು. ಹೆಂಚಿನ ಮನೆಯಲ್ಲಿ ಎಲ್ಲಿ ಸೋರುತ್ತದೆ ಅಂತ ಮೊದಲ ಅಡ್ಡಮಳೆಯೇ ತೋರಿಸಿಕೊಡುತ್ತದೆ. ನೀರು ತೊಟ್ಟಿಕ್ಕಿದ ಕಡೆ ಪಾತ್ರೆ ಇಡುವ ಮೊದಲು ನೆಲದ ಮೇಲೆ ಇದ್ದಿಲಿನಿಂದ ಒಂದು ಗುರುತು ಹಾಕಿ. ಆಮೇಲೆ ಟಾರ್ಚ್ ಹಿಡಿದು ಮೇಲೆ ನೋಡಿ. ಹೆಂಚು ಒಡೆದಿರುವುದು ಗುರುತಿನ ನೇರಕ್ಕೇ ಇರುವುದು ಕಡಿಮೆ. ನೀರು ಹೆಂಚಿನಡಿಯ ಪಕಾಸಿನ ಮರದ ಮೇಲೆ ಒಂದೆರಡು ಮೊಳ ಕೆಳಗೆ ಹರಿದು ಬಂದು ಬೀಳುತ್ತದೆ. ಹಾಗಾಗಿ ಒದ್ದೆಯ ಗೆರೆ ಹಿಡಿದು ಮಾಡಿನ ಏರಿನ ಕಡೆ ಹುಡುಕಬೇಕು. ಮಳೆಗಾಲ ಕೂತ ಮೇಲೆ ಕೆಲಸದವರು ಸಿಗುವುದಿಲ್ಲ, ಪಾಚಿ ಹಿಡಿದ ಹೆಂಚಿನ ಮೇಲೆ ಹತ್ತುವುದೂ ಅಪಾಯ. ಏಪ್ರಿಲ್ ತಿಂಗಳಲ್ಲೇ ಮಾಡಿಸಿಬಿಡಿ.

ಸೌದೆ, ದರಕು (ಕಾಡಿನ ಒಣ ಎಲೆ), ಒಣಹುಲ್ಲು ಒಳಗೆ ಸೇರಿಸುವ ಗಡಿಬಿಡಿಯೂ ಇದೇ ಹೊತ್ತಿನಲ್ಲಿ. ದರಕಿನ ವಿಷಯದಲ್ಲಿ ಎಚ್ಚರ. ಮಂಗನ ಕಾಯಿಲೆ ನಮ್ಮ ಸೀಮೆಯದೇ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾಗಿ, ಆ ಹೆಸರಿನಿಂದಲೇ ಹೊರಗಿನವರು ಅದನ್ನು ಕರೆಯುತ್ತಾರೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿತು ಅಂತ ನಾವು ನೋಡಿದ್ದೇವೆ. ಅದನ್ನು ಹರಡುವುದು ಉಣುಗು ಅನ್ನುವ ರಕ್ತ ಹೀರುವ ಹುಳ. ಎಳ್ಳಿಗಿಂತ ಸಣ್ಣದಿರುತ್ತದೆ, ಬೇಸಿಗೆಯ ಒಣ ಎಲೆಯಲ್ಲಿ ಕಾದು ಕೂತಿರುತ್ತದೆ. ಮಳೆ ಬರುತ್ತದೆ ಅನ್ನುವ ಅವಸರಕ್ಕೆ ಬರಿಗಾಲಲ್ಲಿ ಕಾಡಿಗೆ ಹೋಗಬೇಡಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಸ್ನಾನ ಮಾಡಿ. ದರಕಿನ ರಾಶಿಯ ಮೇಲೆ ಮಕ್ಕಳು ಹಾರಿ ಆಡದ ಹಾಗೆ ನೋಡಿಕೊಳ್ಳಿ. ಕಾಡಲ್ಲಿ ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಳೆಯಲ್ಲಿ ನೆನೆದದ್ದಕ್ಕೆ ಅಂತ ಮಾತ್ರೆ ನುಂಗಿ ಮಲಗಬೇಡಿ. ಅವತ್ತೇ ತೋರಿಸಿ.

ದನಗಳ ಬಗ್ಗೆ ಒಂದೇ ಮಾತು. ಎರಡು ಮಳೆ ಬಿದ್ದ ಕೂಡಲೇ ಗದ್ದೆ ಬದುವಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ತಿಂಗಳುಗಟ್ಟಲೆ ಒಣಹುಲ್ಲು ತಿಂದ ದನ ಅದನ್ನು ಕಂಡು ಬಿಡುವುದೇ ಇಲ್ಲ. ಹಸಿದ ಹೊಟ್ಟೆಗೆ ಬರೀ ಎಳೆ ಹುಲ್ಲು ಬಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಬಿಡುವ ಮೊದಲು ಕೊಟ್ಟಿಗೆಯಲ್ಲೇ ಒಂದು ತೆಕ್ಕೆ ಒಣಹುಲ್ಲು ತಿನ್ನಿಸಿ ಕಳಿಸಿ.

ಕುಡಿಯುವ ನೀರು, ಬಚ್ಚಲ ಹಂಡೆ, ಮೇಲಿನ ಟ್ಯಾಂಕು, ಫೋನು ಎಲ್ಲ ಬೆಳಿಗ್ಗೆಯೇ ತುಂಬಿರಲಿ. ಒಂದು ಗಾಳಿಗೆ ಕರೆಂಟು ಹೋದರೆ ಎರಡು ದಿನ ಬಾರದೇ ಇರಬಹುದು. ತೆಂಗಿನ ಚಿಪ್ಪು, ಅಡಿಕೆ ಹಾಳೆ ಕವುಚಿ ಹಾಕಿ. ಅದರಲ್ಲಿ ನಿಂತ ಒಂದು ಲೋಟ ನೀರು ಸಾಕು ಸೊಳ್ಳೆಗೆ.

ಹಿತ್ತಲಿಗೆ ಬೀಜ ಹಾಕುವವರಿಗೆ ಈ ಕಾಲ ಭಾರೀ ಆಸೆ ತೋರಿಸುತ್ತದೆ. ಒಂದು ಹದಮಳೆ ಬಂದು ಮಣ್ಣಿನ ವಾಸನೆ ಎದ್ದರೆ ಕೈ ಸುಮ್ಮನಿರುವುದಿಲ್ಲ, ಅಲ್ವಾ? ಹಾಕಿ, ಆದರೆ ಅರ್ಧ ಹಾಕಿ. ಮೊಳಕೆ ಬಂದ ಮೇಲೆ ಹದಿನೈದು ದಿನ ಮಳೆಯೇ ಇಲ್ಲದೆ ಸುಟ್ಟುಹೋದ ವರ್ಷಗಳು ಬೇಕಾದಷ್ಟಿವೆ. ಈ ಸಲ ನಾನು ಸೌತೆ, ಹೀರೆ, ಬೆಂಡೆಯ ಅರ್ಧ ಬೀಜವನ್ನು ಭರಣಿಗೆ ಹಾಕುತ್ತೇನೆ. ಉಳಿದರ್ಧ ಬೂದಿಯಲ್ಲಿ ಬೆರೆಸಿ, ಬಾಟಲಿಯಲ್ಲಿ ತುಂಬಿ ಒಲೆಯ ಅಟ್ಟದ ಮೇಲಿಟ್ಟಿದ್ದೇನೆ. ಮೇ ಕೊನೆಯಲ್ಲಿ ರೋಹಿಣಿ ಮಳೆ ಹುಟ್ಟಿದ ಮೇಲೆ ಅದನ್ನು ಕೆಳಗಿಳಿಸುವುದು.