ಹಳೆಯ ಡೀಸೆಲ್ ಪಿಕಪ್ಪನ್ನು ಮನೆಯಂಗಳದಲ್ಲೇ ಓಡುವ ಸ್ಥಿತಿಗೆ ತರುವ ಕ್ರಮ

ವರ್ಷಗಟ್ಟಲೆ ತರಕಾರಿ, ಮೇವು, ಇಟ್ಟಿಗೆ ಹೊತ್ತು ಕೊನೆಗೆ ಶೆಡ್ಡಿನ ಮೂಲೆ ಸೇರಿದ ಡೀಸೆಲ್ ಪಿಕಪ್ಪುಗಳು ನಮ್ಮ ಊರುಗಳಲ್ಲಿ ಇನ್ನೂ ಕಾಣಸಿಗುತ್ತವೆ. 1988ರಲ್ಲಿ ಮಾರುಕಟ್ಟೆಗೆ ಬಂದ ಟಾಟಾಮೊಬೈಲ್, ಅದರ ನಂತರದ ಟಾಟಾ 207, ಮಹೀಂದ್ರಾದ ಹಳೆಯ ಡಿಐ ಪಿಕಪ್ಪುಗಳು ಕಂಪ್ಯೂಟರಿನ ಹಂಗಿಲ್ಲದೆ ಯಾಂತ್ರಿಕ ಪಂಪಿನ ಬಲದಿಂದಲೇ ಡೀಸೆಲ್ ಚಿಮ್ಮಿಸಿಕೊಂಡು ಓಡುವ ಗಾಡಿಗಳಾದ್ದರಿಂದ, ತಾಳ್ಮೆಯೂ ಸಾಧಾರಣ ಹತ್ಯಾರುಗಳೂ ಇರುವವರು ಮನೆಯಲ್ಲಿಯೇ ಅವುಗಳಿಗೆ ಕೈಹಾಕಬಹುದು. ಇಲ್ಲಿ ಟಾಟಾ 207 ಡಿಐ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 100 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಒಟ್ಟು 2956 ಸಿಸಿ. ಆದರೆ ಕೆಲಸದ ಕ್ರಮ ಬೇರೆ ಗಾಡಿಗಳಿಗೂ ಬಹುಮಟ್ಟಿಗೆ ಇದೇ.

ಮನೆಯಲ್ಲಿ ಆರಂಭವಾದ ಇಂಥ ಕೆಲಸ ಅರ್ಧಕ್ಕೆ ನಿಲ್ಲಲು ಹಣದ ಕೊರತೆಗಿಂತ ಕ್ರಮದ ಕೊರತೆಯೇ ಹೆಚ್ಚಾಗಿ ಕಾರಣವಾಗುತ್ತದೆ. ಉತ್ಸಾಹದಲ್ಲಿ ಮೊದಲ ವಾರವೇ ಇಡೀ ಗಾಡಿಯನ್ನು ಬಿಚ್ಚಿ ಹರಡಿದವರಿಗೆ ಆರು ತಿಂಗಳ ನಂತರ ಯಾವ ಬೋಲ್ಟು ಎಲ್ಲಿಯದೆಂದು ತಿಳಿಯುವುದಿಲ್ಲ. ಮೊದಲು ಕಾಗದಪತ್ರ, ಆಮೇಲೆ ಚಾಸಿ, ಅನಂತರ ಬ್ರೇಕ್, ಅದಾದ ಮೇಲೆ ಎಂಜಿನ್, ಎಲ್ಲಕ್ಕಿಂತ ಕೊನೆಗೆ ಬಣ್ಣ ಎಂಬ ಕ್ರಮವನ್ನು ಹಿಡಿದು, ಒಂದು ಭಾಗ ಮುಗಿಯದೆ ಇನ್ನೊಂದನ್ನು ಬಿಚ್ಚದಿರುವುದು ಒಳ್ಳೆಯದು.

ಕಾಗದಪತ್ರ ಮತ್ತು ಚಾಸಿ

ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ತಾಳೆಯಾಗದಿದ್ದರೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಪ್ರತಿವರ್ಷ ಎಫ್.ಸಿ. (ಗಾಡಿ ಓಡಲು ಯೋಗ್ಯವೆಂಬ ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಬೇಕು, ಖಾಸಗಿ ನೋಂದಣಿಯಾದರೆ 15 ವರ್ಷಗಳ ಬಳಿಕ ಫಾರಂ 25ರಲ್ಲಿ ಅರ್ಜಿ ಸಲ್ಲಿಸಿ, ತಪಾಸಣೆಗೆ ಒಳಪಡಿಸಿ, ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಬೇರೆ ಎಂಜಿನ್ ಕೂರಿಸುವ, ಬಾಡಿಯ ಅಳತೆ ಅಥವಾ ಬಣ್ಣ ಬದಲಿಸುವ ಆಲೋಚನೆಯಿದ್ದರೆ ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಬದಲಾವಣೆಯನ್ನು ಆರ್.ಸಿ.ಯಲ್ಲಿ ನಮೂದಿಸಿಕೊಳ್ಳಬೇಕಾಗುತ್ತದೆ. ಬಾಕಿ ತೆರಿಗೆ ಎಷ್ಟಿದೆಯೆಂದು ತಿಳಿದುಕೊಂಡ ಮೇಲೆಯೇ ಗಾಡಿಯ ಬೆಲೆ ಮಾತನಾಡುವುದು ಜಾಣತನ, ಏಕೆಂದರೆ ನಾಲ್ಕೈದು ವರ್ಷ ಮೂಲೆಯಲ್ಲಿ ನಿಂತ ಗಾಡಿಯ ಬಾಕಿಯೇ ಕೆಲವೊಮ್ಮೆ ಅದರ ಗುಜರಿ ಬೆಲೆಯನ್ನು ಮೀರಿಸುತ್ತದೆ.

ಗಾಡಿ ಎಲ್ಲಿ ದುಡಿದಿದೆ ಎಂಬುದನ್ನೂ ಕೇಳಿ ತಿಳಿಯಬೇಕು. ಕೋಲಾರ, ಚಿತ್ರದುರ್ಗದಂಥ ಬಯಲುಸೀಮೆಯಲ್ಲಿ ಓಡಿದ ಗಾಡಿಯ ಬಣ್ಣ ಬಿಸಿಲಿಗೆ ಬೆಳ್ಳಗಾಗಿದ್ದರೂ ಕಬ್ಬಿಣ ಗಟ್ಟಿಯಾಗಿರುವ ಸಂಭವ ಹೆಚ್ಚು. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿಯಲ್ಲಾದರೋ ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯ ಸಂದುಗಳಿಂದ ಸೋರಿ ಚಾಸಿಯ ಮೇಲೆಯೇ ಹರಿದಿರುತ್ತದೆ. ಮೇಲೆ ಹೊಸ ಬಣ್ಣ ಹೊಳೆಯುತ್ತಿದ್ದರೂ ಕೆಳಗೆ ಕಬ್ಬಿಣ ಹಪ್ಪಳದಂತೆ ಪದರಪದರವಾಗಿ ಏಳುತ್ತಿದ್ದರೆ ಅಂಥ ಗಾಡಿಯನ್ನು ಬಿಡಿಭಾಗಗಳಿಗಾಗಿ ಕೊಳ್ಳಬಹುದೇ ಹೊರತು ಓಡಿಸಲಿಕ್ಕಲ್ಲ.

ಚಾಸಿಯ ಪರೀಕ್ಷೆಗೆ ಸಣ್ಣ ಸುತ್ತಿಗೆಯೊಂದೇ ಸಾಕು. ಉದ್ದದ ಎರಡು ತೊಲೆಗಳನ್ನೂ ಅಡ್ಡಪಟ್ಟಿಗಳನ್ನೂ ಗೇಣಿಗೊಮ್ಮೆ ತಟ್ಟುತ್ತಾ ಹೋದರೆ, ಗಟ್ಟಿಯಿದ್ದ ಕಡೆ ಖಣಖಣ ಎನ್ನುವ ಸದ್ದು, ತಿಂದುಹೋದ ಕಡೆ ಮಂಕಾಗುತ್ತದೆ. ಹಿಂದಿನ ಕಮಾನು ಪಟ್ಟಿಗಳನ್ನು ತೂಗುಹಾಕಿದ ಬ್ರಾಕೆಟ್ಟುಗಳ ಸುತ್ತಮುತ್ತ, ಕ್ಯಾಬಿನ್ ಕೂರುವ ರಬ್ಬರುಗಳ ಕೆಳಗೆ, ಬಾಡಿಗೂ ಚಾಸಿಗೂ ನಡುವೆ ಮರದ ಪಟ್ಟಿಯಿದ್ದರೆ ಅದರ ತಳದಲ್ಲಿ ವಿಶೇಷವಾಗಿ ನೋಡಬೇಕು. ಮಳೆನೀರು ಕುಡಿದ ಮರ ತಿಂಗಳುಗಟ್ಟಲೆ ಒದ್ದೆಯಾಗಿದ್ದು ಕಬ್ಬಿಣವನ್ನು ಮೇಲಿನಿಂದ ಕರಗಿಸಿರುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಉದ್ದದ ತೊಲೆಯಲ್ಲಿ ಬಿರುಕು ಕಂಡರೆ ಆ ಬೆಸುಗೆಯನ್ನು ಲಾರಿ ಚಾಸಿಗಳ ಕೆಲಸ ಬಲ್ಲವರಿಗೇ ಒಪ್ಪಿಸಬೇಕು, ಮನೆಯ ವೆಲ್ಡಿಂಗ್ ಸೆಟ್ಟಿನಿಂದ ಅಲ್ಲಿ ಕೈಯಾಡಿಸಬಾರದು. ಬೇರೆ ಎಲ್ಲಿ ವೆಲ್ಡಿಂಗ್ ಮಾಡುವುದಾದರೂ ಬ್ಯಾಟರಿಯ ಎರಡೂ ವೈರುಗಳನ್ನೂ ಡೈನಮೋದ ವೈರನ್ನೂ ಕಳಚಿ, ಡೀಸೆಲ್ ಟ್ಯಾಂಕನ್ನು ಗಾಡಿಯಿಂದ ಇಳಿಸಿ ದೂರವಿಡಬೇಕು.

ಎಂಜಿನ್ನಿಗಿಂತ ಮೊದಲು ಬ್ರೇಕು

ಎಂಜಿನ್ ಸ್ಟಾರ್ಟ್ ಆದ ಗಾಡಿಯನ್ನು ಓಣಿಯಲ್ಲಿ ಒಂದು ಸುತ್ತು ಓಡಿಸದೆ ಇರಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದಲೇ ಬ್ರೇಕಿನ ಕೆಲಸ ಮುಂಚೆ ಆಗಬೇಕು. ಗಾಡಿಯನ್ನು ಜಾಕಿಯಿಂದ ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕುಗಳು ಭಾರ ಬಿದ್ದಾಗ ಸೂಚನೆಯಿಲ್ಲದೆ ಪುಡಿಯಾಗುತ್ತವೆ.

ಡ್ರಮ್ಮು ಬಿಚ್ಚಿದಾಗ ಒಳಗಿರುವ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಹಳೆಯ ಲೈನಿಂಗುಗಳಲ್ಲಿ ಉಸಿರಿಗೆ ಸೇರಬಾರದ ಕಲ್ನಾರು (ಆಸ್ಬೆಸ್ಟಾಸ್) ಇರುವುದುಂಟು; ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ವರ್ಷಗಟ್ಟಲೆ ನಿಂತ ಗಾಡಿಯ ವೀಲ್ ಸಿಲಿಂಡರುಗಳಲ್ಲಿ ರಬ್ಬರು ಕಪ್ಪುಗಳು ಗಟ್ಟಿಯಾಗಿ ಪಿಸ್ಟನ್ನುಗಳು ತುಕ್ಕಿಗೆ ಅಂಟಿಕೊಂಡಿರುತ್ತವೆ. ಒಳಗೋಡೆಯಲ್ಲಿ ಗುಳಿಬಿದ್ದಿದ್ದರೆ ಕಿಟ್ ಹಾಕುವ ಬದಲು ಇಡೀ ಸಿಲಿಂಡರನ್ನೇ ಬದಲಿಸುವುದು ಅಗ್ಗ. ಮಾಸ್ಟರ್ ಸಿಲಿಂಡರಿನ ರಬ್ಬರುಗಳು, ಚಕ್ರಗಳ ಬಳಿಯ ಹೋಸುಗಳು ನೋಡಲು ಚೆನ್ನಾಗಿದ್ದರೂ ಹೊಸವನ್ನೇ ಹಾಕಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದ್ದರಿಂದ ಹಳೆಯದನ್ನು ಪೂರ್ತಿ ಹೊರಚೆಲ್ಲಬೇಕು, ಅದರ ಜಾಗದಲ್ಲಿ ಎಂಜಿನ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯಿಂದ ಆರಂಭಿಸುವುದು ರೂಢಿ.

ಡೀಸೆಲ್ ಗಾಡಿಗೇ ವಿಶೇಷವಾದ ಒಂದು ಅಂಶವಿದೆ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದಿರುವುದರಿಂದ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಬೇರೊಂದು ವ್ಯಾಕ್ಯೂಮ್ ಪಂಪು ಒದಗಿಸುತ್ತದೆ. ಅನೇಕ ಗಾಡಿಗಳಲ್ಲಿ ಅದು ಡೈನಮೋದ ಹಿಂಬದಿಗೇ ಜೋಡಿಕೊಂಡಿದ್ದು, ಸಣ್ಣ ಪೈಪಿನ ಮೂಲಕ ಎಂಜಿನ್ ಆಯಿಲ್ ಅದಕ್ಕೆ ಹರಿಯುತ್ತದೆ. ಬ್ರೇಕು ಕಲ್ಲಿನಂತೆ ಗಟ್ಟಿ ಎಂದು ದೂರುವವರು ಮೊದಲು ನೋಡಬೇಕಾದದ್ದು ಆ ಪಂಪಿನಿಂದ ಬೂಸ್ಟರಿಗೆ ಹೋಗುವ ರಬ್ಬರು ಪೈಪಿನ ಬಿರುಕನ್ನು. ಮುಂದೆ ಎಂಜಿನ್ ಸಿದ್ಧವಾದಾಗ, ಅದು ನಿಂತಿರುವಂತೆಯೇ ಪೆಡಲನ್ನು ಹಲವು ಬಾರಿ ಒತ್ತಿ ಗಟ್ಟಿಮಾಡಿ, ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲು ತುಸು ಕೆಳಗಿಳಿದರೆ ಬೂಸ್ಟರು ಸರಿಯಾಗಿದೆಯೆಂದು ತಿಳಿಯಬಹುದು.

ನಿಂತ ಎಂಜಿನ್ನನ್ನು ತಿರುಗಿಸುವುದು

ಬ್ಯಾಟರಿ ಜೋಡಿಸಿ ಒಮ್ಮೆ ಸೆಲ್ಫ್ ಹೊಡೆದು ನೋಡೋಣ ಎಂಬ ಆಸೆಯನ್ನು ಹತ್ತಿಕ್ಕಬೇಕು. ಹೆಡ್ ಗ್ಯಾಸ್ಕೆಟಿನಿಂದಲೋ ಸೈಲೆನ್ಸರಿನ ಬಾಯಿಯಿಂದಲೋ ಒಂದು ಸಿಲಿಂಡರಿನೊಳಗೆ ನೀರು ಇಳಿದಿದ್ದರೆ, ನೀರು ಅಮುಕಿಕೊಳ್ಳದ ವಸ್ತುವಾದ್ದರಿಂದ ಸೆಲ್ಫಿನ ಒಂದೇ ಹೊಡೆತಕ್ಕೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಮೊದಲು ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಅಟಾಮೈಜರುಗಳನ್ನು (ಇಂಜೆಕ್ಟರುಗಳನ್ನು) ಬಿಚ್ಚಿ ಸಂಖ್ಯೆ ಬರೆದಿಡಬೇಕು. ಪ್ರತಿ ಅಟಾಮೈಜರಿನ ತಳದಲ್ಲಿ ತಾಮ್ರದ ಒಂದು ವಾಷರ್ ಇರುತ್ತದೆ, ಅದು ಹಲವು ಬಾರಿ ಗುಂಡಿಯೊಳಗೇ ಅಂಟಿಕೊಂಡಿರುತ್ತದೆ. ಅದನ್ನು ಗಮನಿಸದೆ ಮೇಲೊಂದು ಹೊಸ ವಾಷರ್ ಹಾಕಿದರೆ ನಾಝಲ್ಲು ಒಂದು ವಾಷರಿನ ದಪ್ಪದಷ್ಟು ಮೇಲೆ ಕೂತು, ಡೀಸೆಲ್ ಚಿಮ್ಮುವ ಜಾಗವೇ ತಪ್ಪಿ, ಎಷ್ಟು ಹುಡುಕಿದರೂ ಕಾರಣ ಸಿಗದ ಹೊಗೆ ಬರುತ್ತದೆ. ಟಾರ್ಚು ಹಾಕಿ ನೋಡಿ ಹಳೆಯದನ್ನು ತೆಗೆದ ಮೇಲೆಯೇ ಹೊಸ ವಾಷರ್ ಕೂರಿಸಬೇಕು.

ಅಟಾಮೈಜರಿನ ಗುಂಡಿಗಳಿಂದ ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲಿನ ಮಿಶ್ರಣವನ್ನು ಸ್ವಲ್ಪ ಸುರಿದು ಒಂದೆರಡು ದಿನ ಬಿಟ್ಟು, ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿಗೇ ಮೆಲ್ಲನೆ ಒತ್ತಬೇಕು. ಅಲುಗಾಡದಿದ್ದರೆ ಇನ್ನೂ ನಾಲ್ಕು ದಿನ ಕಾಯುವುದೇ ಮದ್ದು. ಎರಡು ಪೂರ್ಣ ಸುತ್ತು ತಡೆಯಿಲ್ಲದೆ ತಿರುಗಿದರೆ, ಗುಂಡಿಗಳ ಮೇಲೆ ಬಟ್ಟೆ ಹಾಸಿ ಆಗ ಸೆಲ್ಫ್ ಹೊಡೆಯಬಹುದು. ಒಳಗಿದ್ದ ನೀರು, ಎಣ್ಣೆ ಎಲ್ಲ ಹೊರಗೆ ಚಿಮ್ಮುತ್ತದೆ. ಇದೇ ಹೊತ್ತಿನಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಅಮುಕಿದಾಗ ಬರುವ ಒತ್ತಡ, ನೋಡಿಸಿಕೊಂಡರೆ ಎಂಜಿನ್ ಇಳಿಸಬೇಕೇ ಬೇಡವೇ ಎಂಬುದು ತೀರ್ಮಾನವಾಗುತ್ತದೆ. ನಾಲ್ಕೂ ಸಿಲಿಂಡರುಗಳ ಅಂಕಿ ಹತ್ತಿರಹತ್ತಿರ ಇರುವುದು ಒಂದರಲ್ಲಿ ದೊಡ್ಡ ಅಂಕಿ ಬರುವುದಕ್ಕಿಂತ ಮುಖ್ಯ. ಬೋರು ಸವೆದಿದ್ದರೆ ಲೇತ್ ಕೆಲಸದವರಲ್ಲಿಗೆ ಹೋಗದೆ ವಿಧಿಯಿಲ್ಲ. ಪಿಸ್ಟನ್, ರಿಂಗು, ಬೇರಿಂಗುಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಇಂದಿಗೂ ದೊರೆಯುತ್ತವೆ.

ಡೀಸೆಲ್ಲಿನ ದಾರಿ

ಹಳೆಯ ಡೀಸೆಲ್ ಎಂಜಿನ್ನಿನ ತೊಂದರೆಗಳಲ್ಲಿ ಹೆಚ್ಚಿನವು ಕೊಳಕು, ನೀರು, ಗಾಳಿ ಈ ಮೂರರಿಂದಲೇ ಹುಟ್ಟುತ್ತವೆ. ಟ್ಯಾಂಕನ್ನು ಇಳಿಸಿ ಹಳೆಯ ಡೀಸೆಲ್ಲನ್ನೂ ತಳದ ಕಪ್ಪು ಲೋಳೆಯನ್ನೂ ತೆಗೆದು ತೊಳೆದು ಒಣಗಿಸಬೇಕು, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಸಣ್ಣ ಜಾಲರಿಯನ್ನು ಮರೆಯದೆ ಶುಚಿ ಮಾಡಬೇಕು, ಫಿಲ್ಟರುಗಳನ್ನು ಬದಲಿಸಬೇಕು, ಬಿರುಕುಬಿಟ್ಟ ರಬ್ಬರು ಪೈಪುಗಳನ್ನು ಎಸೆಯಬೇಕು. ಈ ಪೈಪುಗಳಿಂದ ಡೀಸೆಲ್ ಸೋರದಿದ್ದರೂ ಪಂಪು ಎಳೆಯುವಾಗ ಗಾಳಿ ಒಳಸೇರುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲು ತಗಾದೆ ಮಾಡುವ ಎಷ್ಟೋ ಗಾಡಿಗಳ ರೋಗ ಇದೇ.

ಇಂಜೆಕ್ಷನ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅದರ ಪ್ಲಂಜರುಗಳನ್ನು ಅತಿ ಸೂಕ್ಷ್ಮ ಅಳತೆಗೆ ಉಜ್ಜಿ ಜೋಡಿ ಮಾಡಿರುತ್ತಾರೆ, ಟೆಸ್ಟ್ ಬೆಂಚಿಲ್ಲದೆ ಅದನ್ನು ಹೊಂದಿಸಲಾಗದು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದು, 2008ರಲ್ಲಿ ಬಾಷ್ ಎಂಬ ಹೆಸರು ಪಡೆದ ಮೈಕೋ ಕಾರ್ಖಾನೆಯ ದೆಸೆಯಿಂದ ಈ ಪಂಪುಗಳ ಕೆಲಸ ಬಲ್ಲವರು ಜಿಲ್ಲಾ ಕೇಂದ್ರಗಳಲ್ಲೆಲ್ಲ ಇದ್ದಾರೆ. ಪಂಪನ್ನು ಇಳಿಸುವ ಮುನ್ನ ಅದರ ಫ್ಲ್ಯಾಂಜಿಗೂ ಎಂಜಿನ್ನಿಗೂ ಸೇರಿಸಿ ಒಂದು ಗೆರೆ ಎಳೆದು, ಪಂಪಿನ ಜೊತೆಗೆ ಅಟಾಮೈಜರುಗಳನ್ನೂ ಕೊಟ್ಟು ಪ್ರೆಷರ್ ಹೊಂದಿಸಿಕೊಂಡು ಬರಬೇಕು. ರೋಟರಿ ಪಂಪಾದರೆ ಅದರ ಒಳಭಾಗಗಳಿಗೆ ಡೀಸೆಲ್ಲೇ ಜಾರುಎಣ್ಣೆಯಾದ್ದರಿಂದ, ಒಣಗಿದ ಪಂಪನ್ನು ಬಹಳ ಹೊತ್ತು ತಿರುಗಿಸುವುದು ಅದನ್ನು ಕೆಡಿಸಿದಂತೆಯೇ.

ಏರ್ ತೆಗೆಯುವಾಗ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ಬಿಗಿಮಾಡಿ, ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ, ಕೊನೆಗೆ ಅಟಾಮೈಜರಿನ ಪೈಪುಗಳ ನಟ್ಟು, ಹೀಗೆ ಟ್ಯಾಂಕಿನ ಕಡೆಯಿಂದ ಎಂಜಿನ್ನಿನ ಕಡೆಗೆ ಸಾಗಬೇಕು. ಅಟಾಮೈಜರಿನಿಂದ ಚಿಮ್ಮುವ ಡೀಸೆಲ್ಲಿನ ಒತ್ತಡ ಚರ್ಮವನ್ನು ತೂತುಮಾಡಿ ಒಳಹೋಗುವಷ್ಟಿರುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣ ಚುಕ್ಕೆಯಂತೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡದೆ ರಟ್ಟಿನ ತುಂಡು ಹಿಡಿದು ಪರೀಕ್ಷಿಸಬೇಕು.

ಮೊದಲ ಸ್ಟಾರ್ಟು

ಹೊಸ ಆಯಿಲ್, ಹೊಸ ಆಯಿಲ್ ಫಿಲ್ಟರ್ ಹಾಕಿ, ರೇಡಿಯೇಟರ್ ತುಂಬಿಸಿ, ಎಂಜಿನ್ನಿಗೆ ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿದುಕೊಂಡೇ ಆಯಿಲ್ ಪ್ರೆಷರಿನ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆಯಬೇಕು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿಯೇ ಏರಿದ್ದರೆ ಅಥವಾ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪು ಒಳಗೆ ಸೋರುತ್ತಿದೆಯೆಂದೇ ತಿಳಿದು ಅಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ತೆಳುವಾದ ಆ ಆಯಿಲ್ಲನ್ನೇ ಎಂಜಿನ್ ಕುಡಿಯಲಾರಂಭಿಸಿದರೆ ಕೀಲಿ ತಿರುಗಿಸಿದರೂ ಕೇಬಲ್ ಎಳೆದರೂ ಅದು ನಿಲ್ಲುವುದಿಲ್ಲ. ಹಾಗೇನಾದರೂ ಆದರೆ ಗಾಳಿ ತಡೆದು ನಿಲ್ಲಿಸಲೆಂದು ಏರ್ ಫಿಲ್ಟರಿನ ಪೈಪನ್ನು ಕಳಚಿಟ್ಟು, ಎಂಜಿನ್ ಗಾಳಿ ಎಳೆಯುವ ಬಾಯಿಯನ್ನು ಪೂರ್ತಿ ಮುಚ್ಚುವಷ್ಟು ಅಗಲದ ಮರದ ಹಲಗೆ ಹಿಡಿದ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮೊದಲ ಸ್ಟಾರ್ಟು ಮಾಡಬೇಕು. ಆ ಬಾಯಿಗೆ ಬಟ್ಟೆಯನ್ನಾಗಲಿ ಅಂಗೈಯನ್ನಾಗಲಿ ಒಡ್ಡಬಾರದು.

ಸ್ಟಾರ್ಟ್ ಆದ ಮೇಲೆ ಹೊಗೆಯೇ ಮಾತನಾಡುತ್ತದೆ. ಮೊದಲ ಕೆಲವು ನಿಮಿಷದ ಬಿಳಿ ಹೊಗೆ ಸಹಜ. ಬಿಸಿಯಾದ ಮೇಲೂ ಬಿಳಿಯೇ ಬರುತ್ತಿದ್ದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಕಪ್ಪು ಹೊಗೆಗೆ ಗಾಳಿ ಸಾಲದಿರುವುದು ಅಥವಾ ಡೀಸೆಲ್ ಹೆಚ್ಚಾಗಿರುವುದು ಕಾರಣ, ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಒಂದು ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂಬ ಅನುಮಾನ ಬಂದರೆ, ಮುಖಕ್ಕೆ ಕನ್ನಡಕ, ಕೈಗೆ ದಪ್ಪ ಗ್ಲೌಸು ಹಾಕಿ ಅಟಾಮೈಜರಿನ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡಿ. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದೇ ಸುಮ್ಮನಿರುವ ಸಿಲಿಂಡರು.

ವೈರಿಂಗ್, ಟಿಂಕರಿಂಗ್, ಬಣ್ಣ

ಇಲಿ ಕಡಿದ ವೈರುಗಳನ್ನು ಟೇಪು ಸುತ್ತಿ ಉಳಿಸಿಕೊಳ್ಳುವುದಕ್ಕಿಂತ ಹೊಸ ಹಾರ್ನೆಸ್ ಹಾಕುವುದು ಮೇಲು. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನು ಉಜ್ಜಿ ಬಿಗಿ ಮಾಡಿದರೆ ಮಂದ ದೀಪ, ನಿಧಾನದ ಸೆಲ್ಫ್ ಎಂಬ ದೂರುಗಳಲ್ಲಿ ಅರ್ಧ ಅಲ್ಲಿಗೇ ತೀರುತ್ತವೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನು ಓದಿಕೊಳ್ಳಿ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದ ಟೈರು, ಮೇಲಿನ ಗುಂಡಿ (ಟ್ರೆಡ್) ಎಷ್ಟೇ ಉಳಿದಿದ್ದರೂ ಅದು ಭಾರ ಹೊರಲು ಯೋಗ್ಯವಲ್ಲ.

ತುಕ್ಕು ತಿಂದ ತಗಡಿನ ಮೇಲೆ ಪುಟ್ಟಿ ಮೆತ್ತುವುದು ಒಂದು ಮಳೆಗಾಲದ ಶೃಂಗಾರ. ತೂತಾದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತಗಡನ್ನು ಬೆಸೆದು, ಎಪಾಕ್ಸಿ ಪ್ರೈಮರ್ ಬಳಿದ ನಂತರವೇ ಪುಟ್ಟಿ ಹಾಕಬೇಕು. ರೆಡ್ ಆಕ್ಸೈಡ್ ಪ್ರೈಮರ್ ತೇವವನ್ನು ಪೂರ್ತಿ ತಡೆಯುವುದಿಲ್ಲವಾದ್ದರಿಂದ ಅದನ್ನು ಬಳಿದು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಒಳಗಿಂದೊಳಗೇ ತುಕ್ಕು ಏಳುತ್ತದೆ. ಬಾಗಿಲುಗಳ ತಳದಲ್ಲಿ ನೀರು ಹೋಗಲೆಂದು ಕೊರೆದಿರುವ ತೂತುಗಳನ್ನು ಬಣ್ಣದವರು ಹಲವು ಬಾರಿ ಮುಚ್ಚಿಬಿಡುತ್ತಾರೆ. ಗಾಡಿಯನ್ನು ಅವರಿಂದ ಬಿಡಿಸಿಕೊಳ್ಳುವ ಮುನ್ನ ಒಂದು ಕಡ್ಡಿ ಹಿಡಿದು ಎಲ್ಲವನ್ನೂ ಚುಚ್ಚಿ ನೋಡಬೇಕು.

ಎಮಿಷನ್ ಪರೀಕ್ಷೆಗೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಹೋಗಬೇಕು. ಬಿಎಸ್-4 ಎಂಬ ಹೊಗೆ ನಿಯಮಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆಯ ಮಿತಿ 65 ಹಾರ್ಟ್ರಿಡ್ಜ್ ಯೂನಿಟ್ (ಹೊಗೆಯ ದಟ್ಟತೆಯ ಅಳತೆ). ಪಂಪು, ನಾಝಲ್ಲು, ಏರ್ ಫಿಲ್ಟರ್ ಸರಿಯಿದ್ದ ಎಂಜಿನ್ ಅದರೊಳಗೆ ಬರುತ್ತದೆ. ಎಂಜಿನ್ ಬಿಚ್ಚಿ ಕಟ್ಟಿದ್ದರೆ ಆರಂಭದ 500 ಕಿ.ಮೀ. ಭಾರ ಹೇರದೆ ಓಡಿಸಿ, ಆಯಿಲ್ ಬದಲಿಸಿ, ವಾಲ್ವ್ ಸಂದನ್ನು ಮತ್ತೊಮ್ಮೆ ಅಳೆದು, ಕಮಾನು ಪಟ್ಟಿಗಳ ಯು-ಬೋಲ್ಟು ಮತ್ತು ಚಕ್ರಗಳ ನಟ್ಟುಗಳನ್ನು ಬಿಗಿ ಮಾಡಿಕೊಂಡ ಮೇಲೆ ಎಫ್.ಸಿ.ಗೆ ದಿನ ಗೊತ್ತುಮಾಡಿಕೊಳ್ಳಬಹುದು.